ಕ್ಯಾಮರಾ, ಬೆಳಕು ಮತ್ತು ನಮ್ಮ ಮನೆಯ ಚಿತ್ರಗಳು

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇಂದು ಛಾಯಾಚಿತ್ರಗಳಿಗೆ ಬರವಿಲ್ಲ. ಒಂದು ಉಪನಯನಕ್ಕೆ, ಒಂದು ಸೀಮಂತಕ್ಕೆ ಐನೂರು ಚಿತ್ರಗಳನ್ನು ತೆಗೆದು ಮೊಬೈಲಿನಲ್ಲಿ ತುಂಬಿಕೊಳ್ಳುತ್ತೇವೆ. ಆದರೆ ಊರಿನಿಂದ ಬರಿಗೈಯಲ್ಲಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಈ ಮಹಾನಗರದಲ್ಲಿ ನಮಗೊಂದು ನೆಲೆಯನ್ನು ಕಲ್ಪಿಸಿದ ಹಿರಿಯರದೊಂದು ಸ್ಪಷ್ಟವಾದ ಚಿತ್ರ ಬೇಕಾದಾಗ (ಅದು ಬೇಕಾಗುವುದು ಹೆಚ್ಚಾಗಿ ಶ್ರದ್ಧಾಂಜಲಿ ಸಭೆಯ ಮುನ್ನಾದಿನ) ಆ ಐನೂರರಲ್ಲಿ ಒಂದೂ ಒದಗುವುದಿಲ್ಲ. ಒಂದರಲ್ಲಿ ಕಣ್ಣುಗಳು ಕತ್ತಲಲ್ಲಿವೆ. ಇನ್ನೊಂದರಲ್ಲಿ ಅವರ ತಲೆಯಿಂದಲೇ ಟ್ಯೂಬ್‌ಲೈಟು ಮೂಡಿಬಂದಂತಿದೆ. ಮತ್ತೊಂದು ಕೈ ಅಲುಗಿ ಮಸುಕಾಗಿದೆ. ಈ ದೋಷಗಳಿಗೆ ಕ್ಯಾಮರಾದ ಬೆಲೆ ಕಾರಣವಲ್ಲ.

ಛಾಯಾಗ್ರಹಣಕ್ಕೂ ಈ ನಗರಕ್ಕೂ ನಂಟು ಬಹಳ ಹಳೆಯದು. ಪ್ಯಾರಿಸ್ಸಿನಲ್ಲಿ ಡಾಗೆರ್ ತನ್ನ ವಿಧಾನವನ್ನು ಪ್ರಕಟಿಸಿದ್ದು 1839ರಲ್ಲಿ. ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘವೊಂದು 1854ರಲ್ಲಿಯೇ ಸ್ಥಾಪನೆಗೊಂಡಿತು. ಮಾಟುಂಗದ ಭಾವೂ ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋಗುವ ನಮ್ಮಲ್ಲಿ ಎಷ್ಟು ಮಂದಿಗೆ ಆ ಭಾವೂ ದಾಜಿಯವರ ತಮ್ಮ ನಾರಾಯಣ ದಾಜಿ ಅವರು ಭಾರತೀಯ ಛಾಯಾಗ್ರಾಹಕರಲ್ಲಿ ಆದ್ಯರೆಂಬುದು ತಿಳಿದಿದೆ? ಕನ್ನಡನಾಡಿನ ಹೆಸರು ಬೇಕೆಂದರೆ ಸಂಡೂರಿನ ಎಂ. ವೈ. ಘೋರ್ಪಡೆಯವರಿದ್ದಾರೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಅರ್ಥಸಚಿವರಾಗಿದ್ದವರು, ವನ್ಯಜೀವಿ ಛಾಯಾಗ್ರಹಣದಲ್ಲಿಯೂ ಅಷ್ಟೇ ಹೆಸರಾದರು. ಲೆಕ್ಕಪತ್ರ ನೋಡುವವರಿಗೆ ಕಲೆಯ ಕಣ್ಣಿಲ್ಲವೆಂಬ ಮಾತನ್ನು ನನ್ನಂಥ ಬ್ಯಾಂಕಿನವರು ಒಪ್ಪದಿರಲು ಇವರೊಬ್ಬರೇ ಸಾಕು.

ಲೆಕ್ಕದ ಮಾತು ಬಂದುದರಿಂದ ಕ್ಯಾಮರಾದ ಜಮಾ-ಖರ್ಚನ್ನೂ ನೋಡಿಬಿಡೋಣ. ಮಸೂರದ ರಂಧ್ರ ಎಷ್ಟು ತೆರೆದಿದೆ, ಷಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಫಿಲ್ಮಿನ ಅಥವಾ ಸಂವೇದಕದ ಗ್ರಹಣಶಕ್ತಿ ಎಷ್ಟು - ಈ ಮೂರರಿಂದಲೇ ಚಿತ್ರದ ಬೆಳಕು ನಿರ್ಧಾರವಾಗುತ್ತದೆ. ರಂಧ್ರದ ಅಂಕಿಗಳು 2.8, 4, 5.6, 8, 11, 16 ಎಂದು ಸಾಗುತ್ತವೆ. ಅಂಕಿ ಒಂದು ಮೆಟ್ಟಿಲು ಏರಿದರೆ ಬೆಳಕು ಅರ್ಧಕ್ಕಿಳಿಯುತ್ತದೆ. ನಿಚ್ಚಳವಾದ ಬಿಸಿಲಿನಲ್ಲಿ ಐ.ಎಸ್.ಓ. 100 ಇರುವಾಗ ರಂಧ್ರ 16, ಷಟರ್ ಸೆಕೆಂಡಿನ 1/125 ಭಾಗ ಎಂಬುದು ಹಳಬರ ಸೂತ್ರ. ರಂಧ್ರವನ್ನು 8ಕ್ಕೆ ತಂದರೆ ಬೆಳಕು ನಾಲ್ಕು ಪಟ್ಟಾಗುವುದರಿಂದ ಷಟರನ್ನು 1/500ಕ್ಕೆ ಒಯ್ಯಬೇಕು. ಒಂದು ಕಡೆ ಜಮಾ ಆದದ್ದು ಇನ್ನೊಂದು ಕಡೆ ಖರ್ಚಾಗಲೇಬೇಕೆಂಬ ನಮ್ಮ ಖಾತೆಯ ನಿಯಮವೇ ಇದು. ದೊಡ್ಡ ರಂಧ್ರದಲ್ಲಿ ಮುಖ ಸ್ಪಷ್ಟವಾಗಿ ಹಿನ್ನೆಲೆ ಕರಗುತ್ತದೆ. ಸಣ್ಣ ರಂಧ್ರದಲ್ಲಿ ಎರಡೂ ಸ್ಪಷ್ಟ. ಆದ್ದರಿಂದ ಮೂರು ಸಾಲಿನ ಗುಂಪುಚಿತ್ರಕ್ಕೆ 8 ಅಥವಾ 11 ಲೇಸು. ಬಹುತೇಕ ಮೊಬೈಲುಗಳಲ್ಲಿ ರಂಧ್ರ ಸ್ಥಿರವಾಗಿದ್ದು ಉಳಿದುದನ್ನು ಯಂತ್ರವೇ ನೋಡಿಕೊಳ್ಳುತ್ತದೆ.

ಯಂತ್ರ ನೋಡಿಕೊಳ್ಳಲಾರದ್ದು ಬೆಳಕಿನ ದಿಕ್ಕು. ಗೇಟ್‌ವೇ ಆಫ್ ಇಂಡಿಯಾದ ಸಮುದ್ರದ ಮಗ್ಗುಲು ಪೂರ್ವಕ್ಕಿರುವುದರಿಂದ, ಊರಿನಿಂದ ಬಂದ ನೆಂಟರನ್ನು ಬೆಳಿಗ್ಗೆ ಅದರ ಮುಂದೆ ನಿಲ್ಲಿಸಿ ನೆಲದ ಕಡೆಯಿಂದ ಚಿತ್ರ ತೆಗೆದರೆ ಸೂರ್ಯ ಎದುರಾಗಿ ಮುಖಗಳು ಕಪ್ಪಾಗುತ್ತವೆ. ಸಂಜೆ ನಾಲ್ಕರ ಮೇಲೆ ಹೋದರೆ ಕಮಾನೂ ಬೆಳಗುತ್ತದೆ, ನೆಂಟರೂ ಬೆಳಗುತ್ತಾರೆ. ಪಶ್ಚಿಮಾಭಿಮುಖವಾದ ವಿ.ಟಿ. ನಿಲ್ದಾಣದ ಕಲ್ಲು ಹೊನ್ನಿನಂತೆ ತೋರುವುದೂ ಇಳಿಹೊತ್ತಿನಲ್ಲೇ. ಶಿವಡಿಯ ಕೆಸರುಬಯಲಿಗೆ ಚಳಿಗಾಲದಲ್ಲಿ ಬರುವ ರಾಜಹಂಸಗಳನ್ನು ನೋಡಲು ಹೋಗುವವರು ಭರತ-ಇಳಿತದ ವೇಳಾಪಟ್ಟಿಯನ್ನು ಮೊದಲು ನೋಡಿಕೊಳ್ಳಬೇಕು. ನೀರು ಪೂರ್ತಿ ಇಳಿದರೆ ಹಕ್ಕಿಗಳು ಬಲು ದೂರ. ಅಲ್ಲಿಯೂ ಕಡಲು ಪೂರ್ವಕ್ಕಿದೆ, ಮಧ್ಯಾಹ್ನದ ಮೇಲಿನ ಭರತವೇ ಅನುಕೂಲ. ಸಂಘದ ಗುಂಪುಚಿತ್ರಗಳನ್ನು ಊಟಕ್ಕೆ ಮುಂಚೆ ಎಂದು ಹನ್ನೆರಡು ಗಂಟೆಗೆ ಬಯಲಿನಲ್ಲಿ ತೆಗೆಯುವ ಪದ್ಧತಿಯನ್ನು ದಯವಿಟ್ಟು ಬಿಡೋಣ. ನೆತ್ತಿಯ ಸೂರ್ಯ ಕಣ್ಣಿನ ಗುಳಿಗಳನ್ನೆಲ್ಲ ಕಪ್ಪಾಗಿಸುತ್ತಾನೆ. ಸಭಾಗೃಹದ ಪೋರ್ಟಿಕೋದ ನೆರಳು ಅದಕ್ಕಿಂತ ಎಷ್ಟೋ ಮೇಲು.

ಚೌಕಟ್ಟಿನ ಬಗ್ಗೆ ಪುಸ್ತಕಗಳು ಬಹಳ ಹೇಳುತ್ತವೆ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯವಸ್ತುವನ್ನು ಇಡುವುದು ಒಳ್ಳೆಯ ಅಭ್ಯಾಸವೇ. ಆದರೆ ನನ್ನ ಅಭಿಪ್ರಾಯದಲ್ಲಿ, ಎರಡು ಹೆಜ್ಜೆ ಹತ್ತಿರ ಹೋಗುವುದೂ, ಗುಂಡಿ ಒತ್ತುವ ಮೊದಲು ವ್ಯಕ್ತಿಯ ಹಿಂದೆ ಏನಿದೆ ಎಂದು ನೋಡುವುದೂ ಉಳಿದೆಲ್ಲ ನಿಯಮಗಳಿಗಿಂತ ಹೆಚ್ಚು ಫಲಕೊಡುತ್ತವೆ. ಮೊಣಕೈಗಳನ್ನು ಪಕ್ಕೆಗೆ ಆನಿಸಿ, ಉಸಿರನ್ನು ಅರ್ಧ ಬಿಟ್ಟು ತಡೆದು ಒತ್ತಿದರೆ ಚಿತ್ರ ಅಲುಗುವುದು ಕಡಿಮೆ. ಪ್ರಾಣಾಯಾಮ ಬಲ್ಲವರಿಗೆ ಇದು ಸುಲಭ.

ಇನ್ನು ಯಕ್ಷಗಾನ. ಮಳೆಗಾಲದಲ್ಲಿ ಊರಿನ ಮೇಳಗಳ ಕಲಾವಿದರು ಇಲ್ಲಿಗೆ ಬಂದಾಗ ಹದಿನೈದನೆಯ ಸಾಲಿನಿಂದ ಫ್ಲಾಷುಗಳು ಮಿನುಗುವುದನ್ನು ಎಲ್ಲರೂ ಕಂಡಿದ್ದೇವೆ. ಕ್ಯಾಮರಾದೊಳಗಿನ ಪುಟ್ಟ ಫ್ಲಾಷಿನ ಬೆಳಕು ಕೆಲವೇ ಮೀಟರು ಮುಟ್ಟುತ್ತದೆ, ದೂರ ಎರಡರಷ್ಟಾದರೆ ಕಾಲು ಭಾಗಕ್ಕಿಳಿಯುತ್ತದೆ. ಆದ್ದರಿಂದ ಅದು ಬೆಳಗುವುದು ಮುಂದಿನ ಸಾಲಿನವರ ತಲೆಗಳನ್ನು ಮಾತ್ರ. ಅದನ್ನು ಆರಿಸಿ, ರಂಗದ ದೀಪವನ್ನೇ ನಂಬಬೇಕು. ಇಲ್ಲೊಂದು ತೊಡಕಿದೆ. ರಂಗದ ಹಿಂದಿನ ಕಪ್ಪು ಪರದೆಯನ್ನು ಅಳೆದ ಯಂತ್ರ, ಎಲ್ಲವೂ ಕತ್ತಲೆಂದು ಭ್ರಮಿಸಿ ಬೆಳಕನ್ನು ಹೆಚ್ಚು ಒಳಬಿಡುತ್ತದೆ. ಬಣ್ಣದ ವೇಷದ ಮುಖವರ್ಣಿಕೆಯ ಸೂಕ್ಷ್ಮ ಗೆರೆಗಳೆಲ್ಲ ಬೆಳ್ಳಗೆ ಅಳಿಸಿಹೋಗುತ್ತವೆ. ಎಕ್ಸ್‌ಪೋಷರನ್ನು ಒಂದೆರಡು ಮೆಟ್ಟಿಲು ಇಳಿಸಿಕೊಳ್ಳಬೇಕು. ಮೊಬೈಲಿನಲ್ಲಾದರೆ ತೆರೆಯ ಮೇಲೆ ವೇಷಧಾರಿಯ ಮುಖವನ್ನು ಮುಟ್ಟಿ, ಬೆಳಕಿನ ಗುರುತನ್ನು ಕೆಳಗೆ ಎಳೆದರಾಯಿತು. ದಿಗಿಣಕ್ಕೆ 1/250 ಸೆಕೆಂಡಾದರೂ ಬೇಕು. ನೆಗೆತದ ತುತ್ತತುದಿಯಲ್ಲಿ ದೇಹ ಕ್ಷಣಮಾತ್ರ ಗಾಳಿಯಲ್ಲಿ ನಿಂತಂತಿರುತ್ತದೆ. ಚೆಂಡೆಯ ಪೆಟ್ಟನ್ನು ಕಿವಿಗೊಟ್ಟು ಕೇಳುವವರಿಗೆ ಆ ಕ್ಷಣ ಮುಂಚಿತವಾಗಿಯೇ ತಿಳಿಯುತ್ತದೆ. ಚೌಕಿಯಲ್ಲಿ ಕನ್ನಡಿಯ ಮುಂದೆ ಬಣ್ಣ ಬರೆದುಕೊಳ್ಳುವ ಕಲಾವಿದರ ಚಿತ್ರಗಳು ರಂಗದ ಚಿತ್ರಗಳಿಗಿಂತ ಸೊಗಸು, ಆದರೆ ಅನುಮತಿ ಕೇಳಿಯೇ ಒಳಹೋಗಬೇಕು.

ಹಳೆಯ ಚಿತ್ರಗಳ ರಕ್ಷಣೆಯ ಬಗ್ಗೆಯೂ ಒಂದು ಮಾತು. ನಮ್ಮ ನಾಲ್ಕು ತಿಂಗಳ ಮಳೆ ಮಸೂರಕ್ಕೂ ಶತ್ರು, ಚಿತ್ರಕ್ಕೂ ಶತ್ರು. ತೊಗಲಿನ ಚೀಲದಲ್ಲಿಟ್ಟ ಕ್ಯಾಮರಾದ ಮಸೂರದ ಮೇಲೆ ಬೂಷ್ಟು ಜೇಡರಬಲೆಯಂತೆ ಹಬ್ಬುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟರೆ ಕ್ಷೇಮ. ಗೋಡೆಯ ಮೇಲಿನ ಅಜ್ಜನ ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಎಳೆದು ಬಿಡಿಸಲು ಹೋಗದೆ, ಗಾಜಿನ ಸಮೇತ ಕಿಟಕಿಯ ಪಕ್ಕದ ಬೆಳಕಿನಲ್ಲಿಟ್ಟು, ಫ್ಲಾಷಿಲ್ಲದೆ, ಕ್ಯಾಮರಾವನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು ಪ್ರತಿ ತೆಗೆದುಕೊಳ್ಳಿ. ಪ್ರತಿಬಿಂಬ ಕಾಣಿಸಿದರೆ ಚೌಕಟ್ಟಿನ ಜಾಗವನ್ನು ಬದಲಿಸಿ. ಬಿಡಿಚಿತ್ರಗಳ ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಎದ್ದುಬರುತ್ತದೆ. ಇದನ್ನು ಮನೆಯ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡೇ ಮಾಡಬೇಕು, ಏಕೆಂದರೆ ಹಿಂದಿನ ಸಾಲಿನಲ್ಲಿ ನಿಂತವರ ಹೆಸರು ಅವರಿಗಲ್ಲದೆ ಬೇರಾರಿಗೂ ಗೊತ್ತಿರುವುದಿಲ್ಲ.