ರಬ್ಬರಿನ ಬಲವೂ ಅದರ ಒಳಗಿನ ಹೆಣಿಗೆಯೂ

ದಕ್ಷಿಣ ಕನ್ನಡ, ಉಡುಪಿ, ಕೊಡಗು ಜಿಲ್ಲೆಗಳಲ್ಲಿ ರಬ್ಬರು ತೋಟಗಳನ್ನುಳ್ಳ ಜಮೀನುದಾರರು ಅನೇಕರಿರುವರು. ಒಂದೇ ತೋಟದ ಹಾಲಿನಿಂದಾದ ಎರಡು ಹಾಳೆಗಳ ಪೈಕಿ ಒಂದಕ್ಕೆ ಮೇಲ್ದರ್ಜೆಯ ಬೆಲೆಯೂ ಮತ್ತೊಂದಕ್ಕೆ ಕೀಳ್ದರ್ಜೆಯ ಬೆಲೆಯೂ ದೊರೆಯುವುದುಂಟು. ಇದರ ಕಾರಣವನ್ನು ತಿಳಿಯಬೇಕಾದರೆ ರಬ್ಬರಿನ ಒಳರಚನೆಯನ್ನು ಸ್ವಲ್ಪ ಅರಿಯತಕ್ಕದ್ದು.

ರಬ್ಬರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಉದ್ದನೆಯ ಎಳೆಗಳ ರಾಶಿಯಾಗಿರುವುದು. ಹಸಿ ರಬ್ಬರಿನಲ್ಲಿ ಈ ಎಳೆಗಳು ಒಂದಕ್ಕೊಂದು ಬಿಗಿದಿರುವುದಿಲ್ಲವಾದ್ದರಿಂದ ಅದು ಬಿಸಿಲಿಗೆ ಅಂಟಾಗಿ ಚಳಿಗೆ ಗಡುಸಾಗುವುದು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು ಗಂಧಕವನ್ನು ಬೆರೆಸಿ ಕಾಯಿಸಿದರೆ ಈ ದೋಷವು ನೀಗುವುದೆಂದು ಕಂಡುಕೊಂಡನು. ಗಂಧಕವು ಎಳೆಗೂ ಎಳೆಗೂ ಗಂಟುಹಾಕಿ ಎಲ್ಲವನ್ನೂ ಒಂದೇ ಬಲೆಯನ್ನಾಗಿ ಮಾಡುವುದು.

ಆದರೆ ಈ ಬಲೆಯು ಬೆಸ್ತನು ಹೆಣೆದ ಬಲೆಯಂತೆ ಸಮನಾಗಿರುವುದಿಲ್ಲ. ಗಂಟುಗಳು ಒಂದೆಡೆ ದಟ್ಟವಾಗಿಯೂ ಒಂದೆಡೆ ವಿರಳವಾಗಿಯೂ ಇರುವುವು. ಎಳೆದಾಗ ಗಿಡ್ಡ ಎಳೆಗಳು ಮೊದಲು ಬಿಗಿದು ಕಡಿಯುವುವು. ಅವುಗಳ ಭಾರವು ನೆರೆಯ ಎಳೆಗಳ ಮೇಲೆ ಬೀಳುವುದರಿಂದ ಸೀಳು ಮುಂದುವರಿಯುವುದು. ಒಂದೇ ತುದಿ ಗಂಟುಬಿದ್ದು ಇನ್ನೊಂದು ತುದಿ ಜೋತಾಡುವ ಎಳೆಯಂತೂ ಭಾರವನ್ನೇ ಹೊರದು. ಇಂತಹ ಸಡಿಲ ತುದಿಗಳು ಹೆಚ್ಚಿದಷ್ಟೂ ರಬ್ಬರಿನ ಬಲವು ಕುಗ್ಗುವುದೆಂಬುದನ್ನು ಪಾಲ್ ಫ್ಲೋರಿ ಎಂಬ ರಸಾಯನಶಾಸ್ತ್ರಜ್ಞರು 1944ರಲ್ಲಿ ವಿವರಿಸಿರುವರು. ಹಾಗೆಂದು ಗಂಧಕವನ್ನು ಮಿತಿಮೀರಿ ಬೆರೆಸಿದರೆ ರಬ್ಬರು ಎಳೆತಕ್ಕೆ ಬಗ್ಗದೆ ಕೊಂಬಿನಂತೆ ಗಡುಸಾಗುವುದು.

ಗಂಧಕದ ಕೆಲಸವು ಕಾರ್ಖಾನೆಯದಾದರೂ ಎಳೆಯ ಉದ್ದವನ್ನು ಕಾಯುವುದು ತೋಟದವರ ಕೈಯಲ್ಲಿರುವುದು. ಎಳೆಯು ತುಂಡಾದರೆ ಸಡಿಲ ತುದಿಗಳು ಹೆಚ್ಚುವುವು. ತಾಮ್ರದ ಅಂಶವು ಗಾಳಿಯೊಡನೆ ಸೇರಿ ಎಳೆಗಳನ್ನು ಕಡಿಯುವುದಾದ್ದರಿಂದ ತಾಮ್ರ ಹಿತ್ತಾಳೆಗಳ ಪಾತ್ರೆಗಳನ್ನು ಹಾಲಿಗೆ ಎಂದಿಗೂ ಉಪಯೋಗಿಸಕೂಡದು. ಅಲ್ಯೂಮಿನಿಯಂ ಪಾತ್ರೆಗಳು ಉತ್ತಮವು. ಹಾಳೆಗಳನ್ನು ಬಹುಕಾಲ ಕಡುಬಿಸಿಲಿಗೆ ಒಡ್ಡದೆ ಹೊಗೆಮನೆಯಲ್ಲಿ ಒಣಗಿಸತಕ್ಕದ್ದು. ಹಾಲನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಬೇಕು. ಒಳಗುಳಿದ ಒಂದು ಮರಳಿನ ಕಣದ ಸುತ್ತಲೂ ಎಳೆತವು ಕೂಡಿಕೊಂಡು ಅಲ್ಲಿಂದಲೇ ಹರಿತವು ಆರಂಭವಾಗುವುದು. ಹೆಪ್ಪಿಗೆ ಹಾಕುವ ಫಾರ್ಮಿಕ್ ಆಮ್ಲವನ್ನು ನೀರಿನಲ್ಲಿ ತೆಳುಮಾಡಿ, ಹಾಲಿನಲ್ಲೆಲ್ಲ ಸಮನಾಗಿ ಬೆರೆಯುವಂತೆ ಕದಡಿ, ನೊರೆಯನ್ನು ತೆಗೆದುಬಿಡಬೇಕು.

ತೋಟದಲ್ಲಿ ಕಡಿದ ಎಳೆಯನ್ನು ಯಾವ ಕಾರ್ಖಾನೆಯೂ ಮೊದಲಿನಂತೆ ಮಾಡಲಾರದು. ಆದಕಾರಣ ಗ್ರಾಮದ ಮುಖಂಡರು ಈ ವಿಷಯವನ್ನು ಹಾಲು ಸಂಗ್ರಹಿಸುವ ಕೆಲಸಗಾರರಿಗೂ ತಿಳಿಯಹೇಳಿ, ತಮ್ಮ ಊರಿನ ಹಾಳೆಗೆ ತಕ್ಕ ಬೆಲೆ ಬರುವಂತೆ ಮಾಡುವುದು ಯುಕ್ತವು.