ನಿಮಗಿದು ಗೊತ್ತೆ? ಪ್ರೇಕ್ಷಕರೇ ನಡೆದಾಡುವ ರಂಗಸ್ಥಳ

ಇಲ್ಲಿ ಪರದೆ ಏಳುವುದಿಲ್ಲ, ಪಾತ್ರಧಾರಿಗಳು ಬಾಯಿ ಬಿಡುವುದಿಲ್ಲ. ನೋಡಲು ಬಂದವರೇ ದೃಶ್ಯದೊಳಗೆ ಹೊಕ್ಕು ಹೊರಬರಬೇಕು!

ಇದು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ರೂಪಿಸಿದವರು ಕಲಾವಿದ ಟಿ.ಬಿ. ಸೊಲಬಕ್ಕನವರ. ಅವರು ಜಾನಪದ ರಂಗಕಲೆಯಾದ ದೊಡ್ಡಾಟದ ಗೀಳು ಹತ್ತಿಸಿಕೊಂಡವರು. ಆ ರಂಗದ ಕಣ್ಣು ಇಲ್ಲಿ ಎದ್ದು ಕಾಣುತ್ತದೆ. ಶಿಲ್ಪಗಳನ್ನು ಪೀಠದ ಮೇಲೆ ಸಾಲಾಗಿ ನಿಲ್ಲಿಸಿಲ್ಲ. ಕಮ್ಮಾರ ಕುಲುಮೆಯ ಮುಂದೆ, ಆಕಳು ಕೊಟ್ಟಿಗೆಯಲ್ಲಿ, ಗೌಡರು ವಾಡೆಯಲ್ಲಿ! ಆಳೆತ್ತರದ ಇಂಥ ಶಿಲ್ಪಗಳು ಸಾವಿರಕ್ಕೂ ಹೆಚ್ಚು.

ಡಾ. ರಾಜ್‌ಕುಮಾರ್ ಅಭಿನಯಿಸಿದ ಪಾತ್ರಗಳೂ ಈ ಶಿಲ್ಪಗಳಲ್ಲಿ ಇವೆ.

ಇಲ್ಲಿಗೆ ಬರಲು ರಾಣೆಬೆನ್ನೂರು, ಬ್ಯಾಡಗಿ ಕಡೆಯವರು ಹಾವೇರಿ ದಾಟಿ ಹುಬ್ಬಳ್ಳಿ ಹೆದ್ದಾರಿಯಲ್ಲೇ ಸಾಗಬೇಕು. ಶಿಗ್ಗಾವಿ ಕಳೆದ ಮೇಲೆ ಗೊಟಗೋಡಿ ಬರುತ್ತದೆ.