ಪೆನ್ಸಿಲಿನಲ್ಲಿ ಬರೆದ ಡ್ಯೂಟಿ ಲಿಸ್ಟು

ಆ ಜಿಲ್ಲಾಸ್ಪತ್ರೆಗೆ ನಾನು ಹೋದದ್ದು ಬೇರೆ ಕೆಲಸಕ್ಕೆ. ಕಣ್ಣು ನೆಟ್ಟದ್ದು ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಜಿನ ಮೇಲಿದ್ದ ರಿಜಿಸ್ಟರಿನಲ್ಲಿ. ಹೆಸರುಗಳೆಲ್ಲ ಪೆನ್ನಿನಲ್ಲಿ, ಪಾಳಿಗಳೆಲ್ಲ ಪೆನ್ಸಿಲಿನಲ್ಲಿ. ಪಕ್ಕದಲ್ಲಿ ಸವೆದು ಹುಣಸೆಬೀಜದಷ್ಟಾದ ರಬ್ಬರು.

"ಕಂಪ್ಯೂಟರಲ್ಲೂ ಲಿಸ್ಟ್ ಇದೆ ಸಾರ್, ಅದು ಮೇಲಿನವರಿಗೆ. ನಡೆಯೋದು ಇದರಲ್ಲಿ" ಎಂದರು ಮೇಡಂ. ಅಷ್ಟರಲ್ಲೇ ಫೋನು. ನೈಟ್ ಡ್ಯೂಟಿಯವಳ ಮಗುವಿಗೆ ಜ್ವರ. ರಬ್ಬರು ಎದ್ದಿತು. ಹೊಸಬಳನ್ನು ಒಬ್ಬಳನ್ನೇ ಐಸಿಯುಗೆ ಹಾಕುವಂತಿಲ್ಲ. ಹೆರಿಗೆ ವಾರ್ಡಿನ ಹಳಬಳನ್ನು ಎತ್ತಿದರೆ ಅಲ್ಲಿ ಪೇಚು. ನಿನ್ನೆ ರಾತ್ರಿ ಮಾಡಿದವಳು ಇನ್ನೂ ಮಲಗಿದ್ದಾಳೆ. ಒಂದು ಹೆಸರು ಸರಿಸಲು ನಾಲ್ಕು ಚೌಕ ಅಳಿಸಿದರು. ಮದುವೆಮನೆಯಲ್ಲಿ ಪಂಕ್ತಿ ಕೂರಿಸುವ ಹಿರಿಯರ ಹಾಗೆ, ಯಾರಿಗೂ ಮುನಿಸು ಬರಬಾರದು.

ಇದನ್ನು ಗುಮಾಸ್ತಿಕೆ ಎನ್ನುವವರುಂಟು. ಆದರೆ 2014ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಲಿಂಡಾ ಐಕೆನ್ ತಂಡದ ಅಧ್ಯಯನ ಯುರೋಪಿನ 9 ದೇಶಗಳ ಶಸ್ತ್ರಚಿಕಿತ್ಸಾ ರೋಗಿಗಳನ್ನು ನೋಡಿತ್ತು. ನರ್ಸೊಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ 30 ದಿನಗಳೊಳಗಿನ ಸಾವಿನ ಸಂಭವ ಶೇ 7ರಷ್ಟು ಹೆಚ್ಚು. ಪದವೀಧರ ನರ್ಸುಗಳ ಪ್ರಮಾಣ ಶೇ 10 ಏರಿದರೆ ಅಷ್ಟೇ ಕಡಿಮೆ. ಖಾಲಿ ಚೌಕಕ್ಕೂ ಓದಿಗೂ ಒಂದೇ ತಕ್ಕಡಿ.

ನಮ್ಮಲ್ಲಿ ಬಿಎಸ್ಸಿ ನರ್ಸಿಂಗ್ 1946ರಲ್ಲೇ ದೆಹಲಿ, ವೆಲ್ಲೂರುಗಳಲ್ಲಿ ಶುರುವಾಯಿತು. 1959ರಲ್ಲಿ ದೆಹಲಿಯಲ್ಲಿ ಎಂಎಸ್ಸಿ. ಎರಡು ವರ್ಷದ ಆ ಓದಿನಲ್ಲಿ ಆಡಳಿತವೂ ಒಂದು ವಿಷಯ. ಆದರೆ ಓದಿದವರಲ್ಲಿ ಬಹಳ ಮಂದಿ ಸೇರುವುದು ಕಾಲೇಜಿನ ಪಾಠಕ್ಕೆ. ವಾರ್ಡಿನ ಕುರ್ಚಿಗೆ ಸೀನಿಯಾರಿಟಿಯೇ ಏಣಿ. ಹಾಗಾಗಿ ಪದವಿಯ ಬಗ್ಗೆ ನನಗೆ ಅನುಮಾನವಿತ್ತು.

ಮೇಡಂ ಎಂಎಸ್ಸಿ ಮಾಡಿದವರೇ. "ಏನು ಉಪಯೋಗವಾಯ್ತು?" ಎಂದೆ.

"ಮೊದಲು ಜನ ಸಾಲದು ಅಂತ ಅಳ್ತಿದ್ದೆ. ಈಗ ಲೆಕ್ಕ ಇಡ್ತೀನಿ."

ರಿಜಿಸ್ಟರಿನ ಕೊನೆಯ ಹಾಳೆ ತಿರುವಿದರು. ಮೂರು ತಿಂಗಳ ಪ್ರತಿ ಪಾಳಿ: ಎಷ್ಟು ನರ್ಸು, ಎಷ್ಟು ರೋಗಿ, ಯಾರು ಬಿದ್ದರು, ಯಾರಿಗೆ ಬೆನ್ನುಹುಣ್ಣಾಯಿತು. ಕ್ರಿಮಿಯಾದಲ್ಲಿ ಸೈನಿಕರನ್ನು ಗಾಯಕ್ಕಿಂತ ರೋಗವೇ ಹೆಚ್ಚು ಕೊಂದಿತೆಂದು 1858ರಲ್ಲಿ ಬಣ್ಣದ ಚಿತ್ರ ಬರೆದು ಸರ್ಕಾರದ ಮುಂದಿಟ್ಟ ನೈಟಿಂಗೇಲ್ ನೆನಪಾದರು. ದೀಪದ ಕಥೆಯನ್ನೇ ಎಷ್ಟು ಸಲ ಹೇಳುತ್ತೇವೆ!

ಆ ಹಾಳೆ ಹಿಡಿದು ಇನ್ನೂ ಆರು ನರ್ಸುಗಳು ಬೇಕೆಂದು ಮೇಲಿನವರನ್ನು ಕೇಳಿದ್ದರಂತೆ. ಬಂದದ್ದು ಇಬ್ಬರು. ಅವರಲ್ಲೊಬ್ಬಳು ಈಗ ಎಂಎಸ್ಸಿಗೆ ಹೊರಟಿದ್ದಾಳೆ. ಅವಳ ರಜೆ ಅರ್ಜಿಗೆ ಶಿಫಾರಸು ಬರೆದು ಸಹಿ ಹಾಕಿದ್ದೂ ಮೇಡಮ್ಮೇ.